ಖಾಲಿ ರೂಮು ಹಿಡಿದ ಟೇಪು

ನನಗಾಗ ನಲವತ್ತೆರಡು ವರ್ಷ. ಈಗ ಎಪ್ಪತ್ತು. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು, ಒಂದು ಮಹಾಲಯ ಅಮಾವಾಸ್ಯೆ ದಿನ ನಮ್ಮ ಸ್ಟುಡಿಯೋದಲ್ಲಿ ನಡೆದದ್ದು. ಅದಕ್ಕೆ ಮುಂಚೆ ಕೆಲಸ ಎಂಥದು ಅಂತ ಹೇಳ್ತೀನಿ. ಇಲ್ಲದಿದ್ರೆ ಈಗಿನೋರಿಗೆ ತಲೆ ಬುಡ ತಿಳಿಯಲ್ಲ.

ತರೀಕೆರೆಯ ಒಬ್ಬ ಹುಡುಗಿ ಒಂದು ಕೋಣೇಲಿ ಕಂಪ್ಯೂಟರ್ ಇಟ್ಟುಕೊಂಡು ಹಾಡು ಹಿಡಿಯೋ ಕೆಲಸ ಶುರು ಮಾಡಿದಾಳೆ. ಹೋದ ತಿಂಗಳು ನನ್ನನ್ನ ಹುಡುಕಿಕೊಂಡು ಬಂದು, "ಅಜ್ಜಿ, ನಿಮ್ಮ ಸ್ಟುಡಿಯೋ ಭಾರಿ ಹೆಸರುವಾಸಿ ಅಂತೆ. ಹೆಂಗೆ ಕೆಲಸ ಮಾಡ್ತಿದ್ರಿ ಬರ್ದುಕೊಡಿ, ನಾವು ಕಲೀತೀವಿ" ಅಂದಳು. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದಾಗ ಈಗಲೂ ಕೈ ನಿಲ್ಲುತ್ತೆ. ಬಾಯಿಗೆ ಬಂದ ಹಾಗೇ ಬರೀತೀನಿ. ಬೇಕಾದೋರು ಓದಿ.

ಸ್ಟುಡಿಯೋ ಹೆಸರು ಬರೆಯಲ್ಲ. ಯಜಮಾನ್ರ ಮನೆಯೋರು ಇನ್ನೂ ಇದಾರೆ. ಆ ಕಾಲದಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಬಸ್‌ಸ್ಟ್ಯಾಂಡಲ್ಲಿ ಯಾವ ಕ್ಯಾಸೆಟ್ ಅಂಗಡಿ ಮುಂದೆ ನಿಂತರೂ ನಮ್ಮ ಹಾಡೇ. ಸೋಬಾನೆ, ಬೀಸೋ ಪದ, ಭಜನೆ, ತತ್ವಪದ, ಕೋಲಾಟದ ಪದ, ನಾಟಕದ ಹಾಡು. ಮದುವೆ ಚಪ್ಪರದ ಮೈಕಲ್ಲೂ ಅದೇ, ಗೊಬ್ಬರ ಹೊಡೆಯೋ ಟ್ರ್ಯಾಕ್ಟರಲ್ಲೂ ಅದೇ. ಬೆಂಗಳೂರಿನ ಸ್ಟುಡಿಯೋದೋರು ಬಂದು, "ಇಂಥ ಸದ್ದು ಹೆಂಗೆ ಹಿಡೀತೀರಿ ಇಲ್ಲಿ?" ಅಂತ ಗೋಡೆ ಮುಟ್ಟಿ ಮುಟ್ಟಿ ನೋಡೋರು. ಗೋಡೇಲಿ ಇದ್ದದ್ದು ತೆಂಗಿನ ನಾರು, ಇನ್ನೇನಿಲ್ಲ.

ಅದು ಮೊದಲು ಕೊಬ್ಬರಿ ಗೋಡೌನು, ಕಡೂರು ರೈಲ್ವೆ ಸ್ಟೇಷನ್ ಹಿಂದೆ. ಯಜಮಾನ್ರು ಕೊಬ್ಬರಿ ವ್ಯಾಪಾರದೋರು, ಜೊತೆಗೆ ಹಾಡಿನ ಹುಚ್ಚು. ಅರ್ಧ ಗೋಡೌನ್ ಖಾಲಿ ಮಾಡಿಸಿ ಗೋಡೆಗೆ, ಮಾಡಿಗೆ, ಬಾಗಿಲಿಗೆ ಗೇಣು ದಪ್ಪ ನಾರು ತುಂಬಿಸಿದರು. ಮೇಲೆ ಗೋಣಿತಾಟು ಹೊಡೆಸಿದರು. ಮೆಷಿನ್ ಕೋಣೆ ಕಡೆಗೆ ಒಂದು ಗಾಜು ಬಿಟ್ಟರೆ ಬೇರೆ ಕಿಟಕಿ ಇಲ್ಲ. ಬಾಗಿಲು ಮುಚ್ಚಿದರೆ ಮಾತು ಬಾಯಿಂದ ಆಚೆ ಬಂದ ಕೂಡಲೇ ಯಾರೋ ನುಂಗಿದ ಹಾಗಾಗೋದು. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಕಿವಿಯೊಳಗೆ ರಕ್ತ ಹರಿಯೋದು ಕೇಳೋದು. ಇನ್ನೂ ಸ್ವಲ್ಪ ಹೊತ್ತು ನಿಂತರೆ ಆಚೆ ಅರ್ಧದ ಅಟ್ಟದಲ್ಲಿ ಒಣಗಿದ ಕೊಬ್ಬರಿ ಕರಟದೊಳಗೆ ಗಡಗಡ ಅಲ್ಲಾಡೋದು ಕೇಳಿದ ಹಾಗಾಗೋದು. ಹೋಗಿ ನೋಡಿದರೆ ಅಟ್ಟದಲ್ಲಿ ಯಾರೂ ಇರ್ತಿರಲಿಲ್ಲ.

ನಾನು ಸೇರಿದ್ದು ಕಸ ಗುಡಿಸೋಕೆ. ಮೊದಲ ದಿನ ಯಜಮಾನ್ರು ನನ್ನನ್ನ ಒಳಗೆ ಬಿಟ್ಟು ಬಾಗಿಲು ಹಾಕಿದರು. ನನಗಿಂತ ಮುಂಚೆ ಇದ್ದೋಳು ಎರಡೇ ದಿನಕ್ಕೆ ಪೊರಕೆ ಎಸೆದು ಓಡಿಹೋಗಿದ್ದಳಂತೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆದು, "ಏನಮ್ಮಾ ಲಕ್ಕಮ್ಮ, ಹೆದರಿಕೆ ಆಯ್ತಾ?" ಅಂದರು.

"ಹೆದರಿಕೆ ಯಾಕೆ? ಸೊಳ್ಳೆ ಇಲ್ಲ, ನನ್ನ ಗಂಡನ ಬಾಯಿಲ್ಲ. ಸುಖವಾಗೈತೆ" ಅಂದೆ. ನಾಳೆಯಿಂದ ಬಾ ಅಂದರು.

ಕಸ ಗುಡಿಸೋಕೆ ಅಂತ ಹೋದೋಳಿಗೆ ಒಂದೊಂದೇ ಕೆಲಸ ಹತ್ತಿಕೊಂಡಿತು. ಮೊದಲನೇದು ರೈಲು ಕಾಯೋದು. ಎಷ್ಟು ನಾರು ತುಂಬಿದರೂ ಗೂಡ್ಸ್ ಗಾಡಿ ಬಂದರೆ ನೆಲ ನಡುಗೋದು, ಮೈಕು ಅದನ್ನ ಹಿಡಿಯೋದು. ನಾನು ಹಿತ್ತಲ ಬಾಗಿಲಲ್ಲಿ ನಿಂತು ರೈಲಿನ ಸಿಗ್ನಲ್ ಕೈಮರ ನೋಡಿಕೊಂಡು ಒಂದು ಸ್ವಿಚ್ ಒತ್ತಬೇಕು. ಒಳಗೆ ಕೆಂಪು ದೀಪ ಹತ್ತೋದು, ಹಾಡೋರು ನಿಲ್ಲಿಸೋರು. ಗಾಡಿ ಹೋದ ಮೇಲೆ ಮತ್ತೆ ಮೊದಲಿಂದ. ಬೈಗುಳ ಮಾತ್ರ ನನಗೆ, ರೈಲು ನಾನೇ ಕರೆಸಿದ ಹಾಗೆ.

ಇನ್ನೊಂದು ಕೆಲಸ ನನಗೆ ಯಾರೂ ಹೇಳಿರಲಿಲ್ಲ. ಸೋಬಾನೆ ಹಾಡೋ ಹೆಂಗಸರು ಮೈಕ್ ಮುಂದೆ ಕೂತು ಬಾಯೇ ಬಿಡಲಿಲ್ಲ. "ಹಸೇ ಮೇಲೆ ಹೆಣ್ಣಿಲ್ಲದೆ ಸೋಬಾನೆ ಅನ್ನಕ್ಕಾಯ್ತದಾ? ಯಾರ ಮುಂದೆ ಅನ್ನಾನ?" ಅಂದರು. ಯಜಮಾನ್ರು ತಲೆ ಚಚ್ಚಿಕೊಂಡರು. ಕೊನೆಗೆ ನನ್ನನ್ನೇ ಮಣೆ ಮೇಲೆ ಕೂರಿಸಿ, ತಲೆ ಮೇಲೆ ಸೆರಗು ಹಾಕಿ, ಅರಿಶಿನ ಹಚ್ಚಿ ಹಾಡಿದರು. ಆವತ್ತಿನಿಂದ ಸೋಬಾನೆ ರೆಕಾರ್ಡಿಂಗ್ ಅಂದರೆ ಹೆಣ್ಣು ನಾನೇ. ಆ ಕೋಣೇಲಿ ನನಗೆ ಎಷ್ಟು ಮದುವೆ ಆಯಿತೋ ಲೆಕ್ಕ ಇಟ್ಟಿಲ್ಲ. ಮನೇಲಿದ್ದ ನಿಜವಾದ ಗಂಡ, "ಇವತ್ತು ಯಾವೂರಿಗೆ ಕೊಟ್ರೇ?" ಅಂತ ಕೇಳೋನು. ಬೀಸೋ ಪದಕ್ಕೂ ಇದೇ ಗೋಳು. ಕಲ್ಲು ಬೇಕು, ಬರೀ ಕಲ್ಲು ಬೀಸಬಾರದು, ರಾಗಿ ಬೇಕು. ಕ್ಯಾಸೆಟ್ಟಲ್ಲಿ ಹಾಡಿನ ಹಿಂದೆ ಗುರ್ ಅಂತ ಬರುತ್ತಲ್ಲ, ಅದು ನಿಜವಾಗಿ ರಾಗಿ ಬೀಸಿದ್ದು. ಹಿಟ್ಟು ಹಂಚಿಕೊಂಡು ಹೋಗೋರು.

ಹುಡುಗಿ, ಇದನ್ನ ನೆನಪಿಟ್ಟುಕೋ. ನಮ್ಮ ಕಡೆ ಹಾಡು ಅಂದರೆ ಏನಾದರೊಂದು ಕೆಲಸದ ಜೊತೆಗೆ ಬರೋದು. ಕೆಲಸ ಬಿಡಿಸಿ ಹಾಡಿಸೋಕೆ ಹೋಗಬೇಡ.

ಮೆಷಿನ್ ನೋಡ್ತಿದ್ದೋರು ಖಲೀಲ್ ಸಾಬ್ರು. ಕಡೂರಲ್ಲೇ ಹುಟ್ಟಿ ಬೆಳೆದೋರು, ಅವರ ಮುತ್ತಾತನ ಮನೆಯೂ ಪೇಟೇಲೇ. ಮನೇಲಿ ದಖನಿ ಮಾತಾಡೋರು, ಆದರೆ ಸೋಬಾನೆ ಸಾಲು ಮರೆತ ಹೆಂಗಸರಿಗೆ ಗಾಜಿನ ಆಚೆಯಿಂದ ತುಟಿ ಆಡಿಸಿ ತೋರಿಸ್ತಿದ್ದೋರು ಅವರೇ. ಅವರು ನನಗೆ ರೀಲು ಸುತ್ತೋದು ಕಲಿಸಿದರು. ಆಗ ಹಾಡು ಹಿಡೀತಿದ್ದದ್ದು ದೊಡ್ಡ ರೀಲಿನ ಟೇಪಲ್ಲಿ. ಸುತ್ತಿಟ್ಟ ಟೇಪು ತುಂಬ ದಿನ ಹಾಗೇ ಇದ್ದರೆ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟಿಕೊಳ್ಳುತ್ತೆ. ಹಾಕಿ ಕೇಳಿದರೆ, ಹಾಡು ಶುರು ಆಗೋಕೆ ಮುಂಚೆ ಅದೇ ಹಾಡು ಸಣ್ಣಗೆ, ದೂರದಿಂದ, ಒಂದು ಸಲ ಬಂದು ಹೋಗುತ್ತೆ. ಆಮೇಲೆ ನಿಜವಾದ್ದು ಬರುತ್ತೆ. ಬಾಗಿಲ ಹೊರಗೆ ಒಬ್ಬರು ಹಾಡಿಕೊಂಡು ನಿಂತಿದ್ದು, ನಾವು ಕೇಳ್ತಾ ಇದೀವಿ ಅಂತ ಗೊತ್ತಾದ ಮೇಲೆ ಒಳಗೆ ಬಂದ ಹಾಗೆ. ಅದಾಗದೆ ಇರಲಿ ಅಂತ ವರ್ಷಕ್ಕೊಂದು ಸಲ ಎಲ್ಲ ರೀಲೂ ಬಿಚ್ಚಿ ಸುತ್ತಬೇಕು. ಆ ಕೆಲಸ ನನ್ನದಾಯಿತು. ಸತ್ತೋರದೂ ಸುತ್ತಿದೆ, ಇದ್ದೋರದೂ ಸುತ್ತಿದೆ. ಟೇಪಿಗೆ ಆ ವ್ಯತ್ಯಾಸ ಗೊತ್ತಿಲ್ಲ.

ಕೆಟ್ಟ ಟೇಪು ಅಳಿಸೋದೂ ನನಗೇ. ಒಂದು ಕರೆಂಟಿನ ಆಯಸ್ಕಾಂತ, ಇಸ್ತ್ರಿ ಪೆಟ್ಟಿಗೆ ಹಾಗೆ ಇರೋದು. ರೀಲಿನ ಮೇಲೆ ಹಿಡಿದು ಸುತ್ತಿಸಿದರೆ ಒಳಗಿದ್ದದ್ದೆಲ್ಲ ಹೋಯ್ತು.

ಇನ್ನೊಂದು ಪದ್ಧತಿ ಈಗಿನೋರು ಬಿಟ್ಟೇಬಿಟ್ಟಿದಾರೆ. ಖಾಲಿ ರೂಮು ಹಿಡಿಯೋದು ಅಂತ. ಹಾಡಿನಿಂದ ಹಾಡಿಗೆ ನಡುವೆ ಬರೀ ಟೇಪು ಅಂಟಿಸಿದರೆ ಕೇಳೋರ ಕಿವಿ ಗುಂಡಿಗೆ ಬಿದ್ದ ಹಾಗಾಗುತ್ತೆ. ಅದಕ್ಕೆ ಯಾರೂ ಇಲ್ಲದ ಕೋಣೇಲಿ ಮೈಕ್ ಚಾಲೂ ಮಾಡಿ, ಆ ಸುಮ್ಮನಿರೋ ಸದ್ದನ್ನೇ ಒಂದು ಟೇಪಿಗೆ ಹಿಡಿದಿಟ್ಟುಕೊಳ್ಳೋದು. ಅದನ್ನ ತುಂಡು ತುಂಡು ಕತ್ತರಿಸಿ ಹಾಡಿನ ನಡುವೆ ಅಂಟಿಸೋದು. ಇದಕ್ಕೆ ರೈಲು ಬರಬಾರದು, ಮಳೆ ಇರಬಾರದು, ಪಕ್ಕದಲ್ಲಿ ಕೊಬ್ಬರಿ ಸುರಿಯಬಾರದು. ಸಿಕ್ಕೋದೇ ಅಪರೂಪ. ಸಾಬ್ರಿಗೆ ಒಳ್ಳೆ ಖಾಲಿ ರೂಮು ಸಿಕ್ಕಿದ ದಿನ ಮುಖ ನೋಡಬೇಕು, ಹಬ್ಬದ ಹಾಗೆ.

ಈಗ ಜಯಳ ಮಾತು.

ಜಯ ಅಜ್ಜಂಪುರದ ಹತ್ತಿರದ ಹಳ್ಳಿಯ ಹುಡುಗಿ. ಅವಳ ಗುಂಪಿನ ಸೋಬಾನೆ ಕ್ಯಾಸೆಟ್ ಎಷ್ಟು ಓಡಿತು ಅಂದರೆ ನಮ್ಮ ಸ್ಟುಡಿಯೋ ಹೆಸರು ಬಂದದ್ದೇ ಅದರಿಂದ. ಕಣ್ಣು ಮುಚ್ಚಿ ಹಾಡೋಳು, ಉಸಿರು ಎಲ್ಲಿ ತಗೋತಾಳೆ ಅಂತ ಗೊತ್ತಾಗ್ತಿರಲಿಲ್ಲ. ಒಂದು ಸಲ ಯಜಮಾನ್ರು ಹೊಸದಾಗಿ ಹೆಡ್‌ಫೋನ್ ತಂದರು. ಬೆಂಗಳೂರಲ್ಲಿ ಎಲ್ಲರೂ ಹಾಕ್ಕೊಂಡೇ ಹಾಡ್ತಾರೆ, ನೀನೂ ಹಾಕ್ಕೋ ಅಂತ ಬಲವಂತ ಮಾಡಿದರು. ಜಯ ಎರಡು ಸಾಲು ಹಾಡಿ ಕಿತ್ತು ಎಸೆದಳು.

"ಯಾಕಮ್ಮಾ?"

"ನನ್ನ ಗಂಟ್ಲು ನನ್ನ ಎದುರಿಗೆ ನಿಂತ್ಕೊಂಡು ಹಾಡ್ತದೆ ಕಣ್ರೀ. ನಾನಿಲ್ದೆ ಇದ್ರೂ ಅದು ಹಾಡ್ಕೊಳ್ತದೆ ಬಿಡಿ."

ಯಜಮಾನ್ರು, ಕ್ಯಾಸೆಟ್ ಮಾಡೋದು ಅದಕ್ಕೇ ಕಣಮ್ಮ ಅಂತ ನಕ್ಕರು. ಎಲ್ಲರೂ ನಕ್ಕೆವು.

ಜಯ ಕಾಣೆಯಾದದ್ದೂ ನಮ್ಮ ಸ್ಟುಡಿಯೋದಿಂದ ಹೊರಟ ದಿನವೇ. ಮಧ್ಯಾಹ್ನ ಹಾಡು ಮುಗಿಸಿ, ಬಟ್ಟೆ ಗಂಟು ಎತ್ತಿಕೊಂಡು, "ಬತ್ತೀನಿ ಲಕ್ಕಕ್ಕ" ಅಂತ ಸ್ಟೇಷನ್ನಿಗೆ ಹೋದಳು. ಅವಳ ಗುಂಪಿನೋರು ಬಸ್ಸಲ್ಲಿ ಹೋದರು, ಇವಳಿಗೆ ಬಸ್ಸಲ್ಲಿ ವಾಂತಿ, ಅದಕ್ಕೆ ಒಬ್ಬಳೇ ಪ್ಯಾಸೆಂಜರ್ ಗಾಡೀಲಿ. ಒಳಗೆ ಆಗಲೇ ಭಜನೆ ಮೇಳದೋರು ಶುರು ಮಾಡಿದ್ದರು. ಗಾಡಿ ಬಂದಾಗ ಕೆಂಪು ದೀಪ ಹಾಕಿದೋಳು ನಾನೇ. ಗಾಡಿ ಹೋಗೋವರೆಗೂ ಭಜನೆ ನಿಂತಿತ್ತು. ಆ ಗಾಡಿ ಹತ್ತಿದ್ದನ್ನ ನೋಡಿದೋರು ಇದ್ದರು. ಅಜ್ಜಂಪುರದಲ್ಲಿ ಇಳಿದದ್ದನ್ನ ನೋಡಿದೋರು ಯಾರೂ ಇಲ್ಲ. ಪೊಲೀಸರು ಹುಡುಕಿದರು, ಅವರಣ್ಣ ಮಂಜಪ್ಪ ಕೆರೆ ಬಾವಿ ಹುಡುಕಿಸಿದ, ಹೆಬ್ಬೆ ಕಡೆ ಕಾಫಿ ತೋಟದಲ್ಲಿ ಕಂಡಳು ಅಂತ ಯಾರೋ ಅಂದರೆ ಅಲ್ಲಿಗೂ ಹೋದ, ಎಮ್ಮೆದೊಡ್ಡಿ ಕಾವಲಲ್ಲೂ ಅಲೆದ. ಹೆಣವೂ ಸಿಗಲಿಲ್ಲ, ಹುಡುಗಿಯೂ ಸಿಗಲಿಲ್ಲ. ಅವಳ ಕ್ಯಾಸೆಟ್ ಮಾತ್ರ ಎಲ್ಲ ಬಸ್‌ಸ್ಟ್ಯಾಂಡಲ್ಲೂ ಹಾಡ್ತಾ ಇತ್ತು. ಅವರವ್ವ ಹಾಲಮ್ಮ ಸಂತೆಗೆ ಹೋಗೋದೇ ಬಿಟ್ಟಳು.

ಆಮೇಲೆ ವರ್ಷಗಳು ಹೋದವು. ಈ ನಡುವೆ ಸ್ಟುಡಿಯೋದಲ್ಲಿ ಒಂದು ಹೊಸ ಪದ್ಧತಿ ಬೆಳೀತು. ನಾವು ಯಾರೂ ಬೆಳೆಸಿದ್ದಲ್ಲ. ತತ್ವಪದ ಹಾಡ್ತಿದ್ದ ಒಬ್ಬ ತಾತ ತೀರಿಹೋದ. ಪಿತೃಪಕ್ಷದಲ್ಲಿ ಅವನ ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು, "ಅಪ್ಪ ಮನೇಲಿದ್ದದ್ದಕ್ಕಿಂತ ಇಲ್ಲಿದ್ದದ್ದೇ ಹೆಚ್ಚು. ಮನೇಲಿ ಎಡೆ ಇಟ್ರೆ ಬರ್ತಾನೋ ಇಲ್ವೋ, ಇಲ್ಲೇ ಇಡ್ತೀವಿ" ಅಂದರು. ಯಜಮಾನ್ರು ಬೈದರು, ಆಮೇಲೆ ಒಪ್ಪಿದರು. ಸತ್ತೋರ ಫೋಟೋ ಇಡೋ ಬದಲು ಇವರು ಟೇಪು ಹಾಕಿಸಿ ಒಂದು ಹಾಡು ಕೇಳೋರು. ಆಮೇಲೆ ಹಾಡು ನಿಲ್ಲಿಸಿ, ಬಾಳೆಲೆ ಹಾಕಿ, ಅವರಿಗೆ ಏನು ಇಷ್ಟವೋ ಅದನ್ನೆಲ್ಲ ಬಡಿಸಿ, ದೀಪ ಹಚ್ಚಿ, ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚೋರು. ಮನೇಲಿ ಮಾಡೋ ಹಾಗೇ. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗೋರು. ಆಮೇಲೆ ಬೇರೆಯೋರೂ ಬರೋಕೆ ಶುರು ಮಾಡಿದರು. ಗಾಜಿಗೆ ನಾನು ಪಂಚೆ ಇಳಿಬಿಡ್ತಿದ್ದೆ. ಸತ್ತೋರು ಉಣ್ಣೋದನ್ನ ನೋಡಬಾರದು.

ನೋಡಬಾರದು ಅಂತ ಎಲ್ಲರಿಗೂ ಗೊತ್ತಿತ್ತು. ಕೇಳೋ ಮಾತು ಯಾರಿಗೂ ಹೊಳೆದಿರಲಿಲ್ಲ. ಯಾರ ಮನೇಲೂ ಮೈಕ್ ಇರಲ್ಲವಲ್ಲ.

ಆ ಅಮಾವಾಸ್ಯೆ ದಿನ ಮಂಜಪ್ಪ ಬುತ್ತಿ ತಗೊಂಡು ಬಂದ. ಜೊತೆಗೆ ಹಾಲಮ್ಮ. ಮಂಜಪ್ಪನ ಮಗಳಿಗೆ ಬಂದ ಗಂಡೆಲ್ಲ ತಪ್ಪಿ ಹೋಗ್ತಿತ್ತು. ಶಾಸ್ತ್ರ ಕೇಳಿದರೆ, ನಿಮ್ಮ ಮನೆಯ ಒಂದು ಜೀವ ಹಸಿದು ಅಲೀತಾ ಇದೆ, ಅದಕ್ಕೆ ಅನ್ನ ಇಡಿ ಅಂದಿದ್ದರಂತೆ. ಜಯಳದು ಅಂತ ಮನೇಲಿ ಒಂದು ಸೀರೆ ಇಲ್ಲ, ಫೋಟೋ ಇಲ್ಲ. ಇರೋದು ನಮ್ಮಲ್ಲಿದ್ದ ಧ್ವನಿ ಒಂದೇ. ಅದಕ್ಕೆ ಇಲ್ಲಿಗೆ ಬಂದಿದ್ದ.

ಹಾಲಮ್ಮ ಮೆಟ್ಟಿಲು ಹತ್ತಲಿಲ್ಲ. ಹಿತ್ತಲ ಬಾಗಿಲಲ್ಲಿ ನನ್ನ ಪಕ್ಕ ಕೂತಳು. "ನಾನು ಎಡೆ ಮುಟ್ಟಲ್ಲ ಕಣವ್ವ. ಬದುಕಿರೋರಿಗೆ ಎಡೆ ಇಟ್ರೆ ಅವ್ರನ್ನ ಸಾಯ್ಸಿದಂಗೆ. ಇವ್ನು ಅವನ ಮಗಳ್ನ ಮದ್ವೆ ಮಾಡಾಕೆ ನನ್ನ ಮಗಳ್ನ ಸಾಯ್ಸಾಕೆ ಹೊಂಟವ್ನೆ."

"ಅವ್ವಾ, ನಾನೇನು ಸಂತೋಷಕ್ಕೆ ಮಾಡ್ತಿದೀನಾ? ಅವ್ಳು ಹಸ್ಕೊಂಡು ಓಡಾಡ್ತಿದ್ರೆ ನಿಂಗೆ ಚೆನ್ನಾಗಿರ್ತದಾ?"

"ಬದುಕಿದ್ರೆ ಎಲ್ಲೋ ಉಂಡ್ಕೊಂಡಿರ್ತಾಳೆ. ನಿನ್ನ ಪಾಯ್ಸ ಯಾರಿಗೋ ಬೇಕು, ಹೋಗೋ."

ಇಬ್ಬರೂ ತಪ್ಪು ಮಾತಾಡಲಿಲ್ಲ. ಅದೇ ಕಷ್ಟ.

ಟೇಪು ನಾನೇ ಹಾಕಿದೆ. ಆ ರೀಲು ಸುತ್ತಿ ಬಹಳ ದಿನ ಆಗಿತ್ತು. ಮೊದಲು ಸಣ್ಣಗೆ, ದೂರದಿಂದ ಜಯ ಒಂದು ಸಾಲು ಅಂದು ನಿಂತಳು, ಆಮೇಲೆ ನಿಜವಾಗಿ ಶುರು ಮಾಡಿದಳು. ಮಂಜಪ್ಪ ಬಾಗಿಲ ಕಡೆ ತಿರುಗಿ ನೋಡಿದ. ಒಂದು ಹಾಡು ಆಯಿತು, ನಿಲ್ಲಿಸಿದೆ. ಅವನು ಎಡೆ ಬಡಿಸಿದ, ದೀಪ ಹಚ್ಚಿದ, ಆಚೆ ಬಂದ. ನಾನು ಬಾಗಿಲು ಹಾಕಿದೆ. ಮೂವರೂ ಹಿತ್ತಲಲ್ಲಿ ಕೂತೆವು. ಹೊತ್ತಾದ ಮೇಲೆ ಮಂಜಪ್ಪ ಹೋಗಿ ಬಾಗಿಲು ತಟ್ಟಿ ತೆಗೆದ. ಎಲೆ ಬಡಿಸಿದ ಹಾಗೇ ಇತ್ತು, ಯಾವಾಗಲೂ ಇರೋ ಹಾಗೆ.

ಆಗ ಮೆಷಿನ್ ಕೋಣೆಯಿಂದ ಖಲೀಲ್ ಸಾಬ್ರು ಬಂದರು. ಅವರಿಗೆ ಅದು ಹಬ್ಬವಲ್ಲ, ಬೇರೆ ವರ್ಷ ಬರ್ತಿರಲಿಲ್ಲ, ಈ ಸಲ ಹಾಡೋರು ಬರದ ದಿನ ಅಂತ ಮೆಷಿನ್ ಒರೆಸೋಕೆ ಬಂದಿದ್ದರು. ಮುಖ ಅರಳಿತ್ತು.

"ಲಕ್ಕಮ್ಮ, ಎಂಥಾ ಖಾಲಿ ರೂಮು ಸಿಕ್ತು ಅಂತೀರಿ! ಗಾಡಿ ಇಲ್ಲ, ಕೊಬ್ಬರಿ ಇಲ್ಲ. ಹೊಸ ಟೇಪು ಹಾಕಿ ಪೂರ್ತಿ ಹಿಡಿದ್ಬಿಟ್ಟೆ. ಇನ್ನು ದೀಪಾವಳಿವರೆಗೂ ಯೋಚ್ನೆ ಇಲ್ಲ."

ಮಂಜಪ್ಪ ಎಲೆ ಬಿಟ್ಟು ಎದ್ದ. "ಏನು ಹಿಡಿದ್ರಿ?"

"ಖಾಲಿ ರೂಮು ಕಣಪ್ಪ. ಒಳಗೆ ಯಾರೂ ಇರಲಿಲ್ವಲ್ಲ."

"ಯಾರೂ ಇರಲಿಲ್ಲ ಅಂದ್ರೆ ನಾವು ಎಡೆ ಇಟ್ಟಿದ್ದು ಯಾರಿಗೆ ಸಾಬ್ರೇ?"

ಸಾಬ್ರು, "ತೋಬಾ" ಅಂದು ಹಣೆ ಮುಟ್ಟಿಕೊಂಡರು. ಆ ಮನುಷ್ಯ ಮನಸ್ಸಲ್ಲಿ ಕೆಟ್ಟದ್ದು ಇಟ್ಟು ಮಾಡಿದ್ದಲ್ಲ. ಕೋಣೆ ಖಾಲಿಯಾಗಿ ಬಾಗಿಲು ಮುಚ್ಚೋ ಹೊತ್ತಿಗೆ ಅವರ ಕೈ ತಾನೇ ಮೈಕಿನ ಗುಂಡಿಗೆ ಹೋಗೋದು. ಎಷ್ಟೋ ವರ್ಷದ ಅಭ್ಯಾಸ.

"ಅಳಿಸ್ಬಿಡಿ" ಅಂದ ಮಂಜಪ್ಪ. "ಈಗ್ಲೇ ಅಳಿಸಿ."

"ಅಳಿಸ್ಬ್ಯಾಡಿ." ಹಾಲಮ್ಮ ಎದ್ದು ನಿಂತಿದ್ದಳು. ಬೆಳಿಗ್ಗೆಯಿಂದ ಹತ್ತದ ಮೆಟ್ಟಿಲು ಹತ್ತಿ ಒಳಗೆ ಬಂದಳು. "ಹಾಕಿ ಅದ್ನ. ಸತ್ತಿದ್ರೆ ಬಂದಿರ್ತಾಳೆ. ಬಂದಿದ್ರೆ ಉಂಡಿರ್ತಾಳೆ. ಉಂಡಿದ್ರೆ ಕೇಳ್ತದೆ. ಏನೂ ಕೇಳಿಲ್ಲ ಅಂದ್ರೆ ನನ್ನ ಮಗಳು ಎಲ್ಲೋ ಜೀವಂತ ಅವ್ಳೆ."

"ಅವ್ವಾ, ಕೇಳಬಾರದ್ದು ಕಿವಿಗೆ ಬಿದ್ರೆ..."

"ಇಷ್ಟು ವರ್ಷ ಊರೋರ ಬಾಯಲ್ಲಿ ಕೇಳಬಾರದ್ದೇ ಕೇಳಿವ್ನಿ ಕಣೋ. ಇದೊಂದು ಹೆಚ್ಚಾ? ಹಾಕಿ ಸಾಬ್ರೇ."

ಸಾಬ್ರು ನನ್ನ ಮುಖ ನೋಡಿದರು. ಹಾಕಿ ಅಂದೆ. ಆ ತಾಯಿಗೆ ಬೇಡ ಅನ್ನೋಕೆ ನಾನ್ಯಾರು?

ರೀಲು ಹಿಂದಕ್ಕೆ ಸುತ್ತಿ ಬಿಟ್ಟರು. ಮೊದಲು ಬಾಗಿಲು ಮುಚ್ಚಿದ ಸದ್ದು, ಅಷ್ಟೇ. ಆಮೇಲೆ ನಮ್ಮ ಕೋಣೆ. ನನಗೆ ಆ ಕೋಣೆಯ ಸುಮ್ಮನಿರೋ ಸದ್ದು ಚೆನ್ನಾಗಿ ಗೊತ್ತು, ಗಂಡನ ಗೊರಕೆ ಗೊತ್ತಿರೋ ಹಾಗೆ. ದೀಪದ ಬತ್ತಿ ಚಿಟಿಕ್ ಅಂದಿತು. ಮತ್ತೆ ಏನಿಲ್ಲ. ಹಾಲಮ್ಮ ಸ್ಪೀಕರಿಗೆ ಕಿವಿ ಹಚ್ಚಿ ನಿಂತಿದ್ದಳು. ಮಂಜಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ಹೊತ್ತು ಹೋಯಿತು. ಮುಗಿದೇ ಹೋಯಿತು, ಏನೂ ಇಲ್ಲ ಅಂದುಕೊಂಡೆ.

ಆಗ ಗುನುಗು ಕೇಳಿತು.

ತೀರ ಸಣ್ಣಗೆ. ಪದ ತಿಳೀತಿರಲಿಲ್ಲ, ಬರೀ ಧಾಟಿ. ನಾವು ಆವತ್ತು ಹಾಕಿದ ಹಾಡಲ್ಲ. ಅವಳ ಯಾವ ಕ್ಯಾಸೆಟ್ಟಲ್ಲೂ ಇಲ್ಲ, ನಾನು ಸುತ್ತಿದ ಯಾವ ರೀಲಲ್ಲೂ ಇಲ್ಲ. ಆದರೆ ಗಂಟಲು ಅವಳದೇ. ಉಸಿರು ಎಲ್ಲಿ ತಗೊಂಡಳು ಅಂತ ಗೊತ್ತಾಗಲಿಲ್ಲ.

ಸಾಬ್ರು ರೀಲು ನೋಡಿದರು, ಟೇಪಿನ ಡಬ್ಬಿ ನೋಡಿದರು. "ಹೊಸಾ ಟೇಪು. ಇದ್ರ ಮೇಲೆ ಯಾರೂ ಹಾಡಿಲ್ಲ" ಅಂದರು. ನನಗೂ ಗ್ಯಾರಂಟಿ. ಆವತ್ತು ಬೆಳಿಗ್ಗೆ ಅದರ ಕಾಗದ ಹರಿದುಕೊಟ್ಟಿದ್ದೋಳು ನಾನೇ.

ಹಾಲಮ್ಮನ ಮುಖ ಬಿಚ್ಚಿಕೊಂಡಿತು. "ಇದು ಹುಣಸೆಹಣ್ಣು ಬಿಡಿಸ್ತಾ ಅಂತಿದ್ದದ್ದು. ಸಣ್ಣೋಳಿದ್ದಾಗ. ಕೇಳ್ದೇನೋ ಮಂಜಾ? ಹಾಡ್ತಾವ್ಳೆ. ಉಣ್ತಿಲ್ಲ."

"ಅವ್ವಾ, ಒಳಗೆ ಯಾರೂ ಇಲ್ದೆ ಇರೋವಾಗ ಹಾಡ್ತಾವ್ಳೆ ಅಂದ್ರೆ..."

"ಸತ್ತೋರು ವರ್ಷಕ್ಕೊಂದು ದಿನ ಬರಾದು. ಹಸ್ಕೊಂಡು ಬರ್ತಾರೆ. ಎಡೆ ಮುಂದೆ ಕೂತ್ಕೊಂಡು ಯಾವನಾದ್ರೂ ಪದ ಹೇಳ್ತಾನೇನೋ ಪೆದ್ದಾ? ಎಲ್ಲೋ ಕೂತು ಹಾಡ್ತಾವ್ಳೆ, ಅದು ಇಲ್ಲಿಗೆ ಕೇಳೈತೆ. ನಿಲ್ಸಿ ಸಾಬ್ರೇ. ಸಾಕು."

ಸಾಬ್ರು ನಿಲ್ಲಿಸಿದರು. ಮಂಜಪ್ಪ ಮುಖ ಗೋಡೆಗೆ ತಿರುಗಿಸಿದ. ಅಳ್ತಾ ಇದ್ದ ಅಂತ ಕಾಣುತ್ತೆ, ನಾನು ನೋಡಲಿಲ್ಲ. "ಎಡೆ ಎತ್ತು" ಅಂದಳು ಹಾಲಮ್ಮ. ಅವನು ಗೋಡೆ ಬಿಟ್ಟು ಬರಲಿಲ್ಲ, ನಾನೇ ಎತ್ತಿದೆ. ಹೊರಡೋವಾಗ ಹಾಲಮ್ಮ ನನ್ನ ಕೈ ಹಿಡಿದು, "ಉಳಿದದ್ದ ಬರೋ ವಾರ ಬಂದು ಕೇಳ್ತೀನಿ ಕಣವ್ವ. ಈಗ ಬಸ್ಸು ಹೋಗ್ತದೆ" ಅಂದಳು. ನಡಿಗೇಲಿ ಹತ್ತು ವರ್ಷ ಕಮ್ಮಿ ಆಗಿತ್ತು.

ಸಂಜೆ ಯಜಮಾನ್ರಿಗೆ ವಿಷಯ ಗೊತ್ತಾಯಿತು. ಅವರು ಕಿರುಚಲಿಲ್ಲ, ಅದೇ ಹೆಚ್ಚು. "ಇದು ಊರಿಗೆ ಗೊತ್ತಾದ್ರೆ ನಾಳೆಯಿಂದ ಇಲ್ಲಿಗೆ ಹಾಡೋರು ಬರಲ್ಲ, ಮಂತ್ರವಾದಿಗಳು ಬರ್ತಾರೆ. ಲಕ್ಕಮ್ಮ, ಬೆಳಿಗ್ಗೆ ಬಂದ ಕೂಡ್ಲೇ ಮೊದಲು ಅದನ್ನ ಅಳಿಸು" ಅಂದರು. ಆವತ್ತಿಂದ ಸ್ಟುಡಿಯೋದಲ್ಲಿ ಎಡೆ ಇಡೋದೂ ನಿಂತಿತು.

ಮುಂದಿನ ವಾರ ಹಾಲಮ್ಮ ಬಂದಳು. ಅಳಿಸಿಬಿಟ್ಟರು ಅಂದೆ. ಅವಳು, "ನೀನು ಕೇಳಿದ್ಯಾ ಉಳಿದದ್ದ?" ಅಂದಳು.

"ಕೇಳಿದೆ."

"ಏನಿತ್ತು?"

"ಕೊನೇವರೆಗೂ ಹಾಡೇ ಕಣಮ್ಮ."

ಅವಳಿಗೆ ಅಷ್ಟು ಸಾಕಾಯಿತು. ಮತ್ತೆ ಸಂತೆಗೆ ಹೋಗೋಕೆ ಶುರು ಮಾಡಿದಳು. ಬಸ್‌ಸ್ಟ್ಯಾಂಡಲ್ಲಿ ಮಗಳ ಕ್ಯಾಸೆಟ್ ಬಂದರೆ ನಿಂತು ಕೇಳೋಳು, ಪಕ್ಕದೋರಿಗೆ ನನ್ನ ಮಗಳು ಅನ್ನೋಳು. ಮಂಜಪ್ಪನ ಮಗಳಿಗೂ ಮಾರನೇ ವರ್ಷ ಮದುವೆ ಆಯಿತು, ಶಾಸ್ತ್ರದೋರು ಏನಾದರೂ ಅನ್ನಲಿ. ಸ್ಟುಡಿಯೋಗೆ ಕಂಪ್ಯೂಟರ್ ಬಂತು, ರೀಲು ಮೂಲೆ ಸೇರಿತು, ನನ್ನ ಕಣ್ಣು ಮಂಜಾಯಿತು, ಕೆಲಸ ಬಿಟ್ಟೆ. ಖಲೀಲ್ ಸಾಬ್ರು ಹೋದರು, ಯಜಮಾನ್ರು ಹೋದರು. ಜಯ ಬರಲಿಲ್ಲ. ಹಾಲಮ್ಮ ಹೋದ ವರ್ಷ ತೀರಿಕೊಂಡಳು, ಕೊನೇವರೆಗೂ ಮಗಳಿಗೆ ಎಡೆ ಇಡಗೊಡಲಿಲ್ಲ. ಜಯಳಿಗೆ ಅಂತ ಎಲೆ ಹಾಕಿದ್ದು ಅದೊಂದೇ ಸಲ. ಹಾಲಮ್ಮ ಇಲ್ಲದೆ ಇರೋದಕ್ಕೇ ಈಗ ಇದನ್ನ ಬರೀತಾ ಇದೀನಿ.

ಅಮಾವಾಸ್ಯೆಯ ಮಾರನೇ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಪೊರಕೆ ಮುಟ್ಟಲಿಲ್ಲ. ಆಯಸ್ಕಾಂತಕ್ಕೆ ಕರೆಂಟ್ ಕೊಟ್ಟು, ರೀಲು ಕೈಗೆ ತಗೊಂಡು, ಅಳಿಸೋಕೆ ಮುಂಚೆ ಉಳಿದದ್ದು ಕೇಳೋಣ ಅಂತ ಮೆಷಿನ್ನಿಗೆ ಹಾಕಿದೆ. ಸಾಬ್ರು ನಿಲ್ಲಿಸಿದ ಕಡೆಯಿಂದ ಶುರುವಾಯಿತು. ಗುನುಗು ಸ್ವಲ್ಪ ಹೊತ್ತು ಇತ್ತು. ನಿಂತಿತು. ಎಲೆ ಹತ್ತಿರಕ್ಕೆ ಎಳೆದುಕೊಂಡ ಸದ್ದು. ಆಮೇಲೆ ಹಪ್ಪಳ ಮುರಿದ ಸದ್ದು. ಹಿಂದಿನ ದಿನ ಆ ಎಲೆ ಎತ್ತಿ ಹಸುವಿಗೆ ಹಾಕಿದ್ದು ನಾನು, ಹಪ್ಪಳ ಇಡಿಯಾಗಿತ್ತು. ಅನ್ನ ಕಲಸೋದು, ಬಳೆ ಲೋಟಕ್ಕೆ ತಾಗೋದು, ನುಂಗೋದು. ಬಹಳ ದಿನ ಉಣ್ಣದೋರು ಉಣ್ಣೋ ಹಾಗೆ, ಗಬಗಬ, ನಡುವೆ ಉಸಿರಿಗೂ ಬಿಡುವಿಲ್ಲ.

ಗುಂಡಿ ಮೇಲೆ ಕೈ ಇಟ್ಟಿದ್ದೆ, ಒತ್ತಲಿಲ್ಲ. ಉಣ್ತಾ ಇರೋರನ್ನ ನಡುವೆ ಎಬ್ಬಿಸಬಾರದು. ನೀರು ಕುಡಿದು ಲೋಟ ಕೆಳಗಿಡೋವರೆಗೂ ಸುಮ್ಮನೆ ಕೂತಿದ್ದೆ. ಆಮೇಲೆ ರೀಲು ಬಿಚ್ಚಿ ಆಯಸ್ಕಾಂತ ಹಿಡಿದೆ.